ಮೂಸೆಗೆ ಬೀಳದ ಚಿನ್ನ

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನ ನಿಸರ್ಗ ಮತ್ತು ವಿಜ್ಞಾನ ಮ್ಯೂಸಿಯಂನ ಖನಿಜ ವಿಭಾಗಕ್ಕೆ ಹೋದವರನ್ನು ಮೊದಲು ಹಿಡಿದು ನಿಲ್ಲಿಸುವುದು ‘ಅಲ್ಮಾ ಕಿಂಗ್’ ಎಂಬ ಕೆಂಪು ರೋಡೋಕ್ರೋಸೈಟ್ ಹರಳು. ಅದನ್ನು ದಾಟಿ ಚಿನ್ನದ ಕಪಾಟಿನ ಮುಂದೆ ಬಂದ ಕೆಲವರಿಗೆ ಸಣ್ಣ ನಿರಾಸೆಯೇ ಆಗುತ್ತದೆ. ಗಟ್ಟಿಯೋ ಬಿಸ್ಕತ್ತೋ, ಕೊನೆಗೆ ದೊಡ್ಡದೊಂದು ಉಂಡೆಯಾದರೂ ಇರುತ್ತದೆ ಎಂದುಕೊಂಡು ಬಂದಿರುತ್ತಾರೆ. ಇಲ್ಲಿರುವ ಕೊಲರಾಡೋ ಚಿನ್ನದಲ್ಲಿ ಹೆಚ್ಚಿನದು ಕಾಗದದಷ್ಟು ತೆಳ್ಳಗಿನ ಹಾಳೆಗಳು, ಸಿಕ್ಕುಸಿಕ್ಕಾದ ತಂತಿಗಳು, ಒಂದಕ್ಕೊಂದು ಅಂಟಿಕೊಂಡು ಬೆಳೆದ ಪುಟ್ಟ ಹರಳುಗಳ ಗೊಂಚಲು. ಕೈಯಲ್ಲಿ ಹಿಡಿದರೆ ಬಾಗುವಂಥವು. ತೂಕದ ಲೆಕ್ಕದಲ್ಲಿ ಹಲವು ಮಾದರಿಗಳು ಒಂದು ಬಳೆಗೂ ಸಾಲವು.

ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅಂಥದೊಂದು ಹಾಳೆಯನ್ನು ನೋಡಿದರೆ ಆ ನಿರಾಸೆ ಉಳಿಯುವುದಿಲ್ಲ. ಮೇಲ್ಮೈ ನಯವಾಗಿಲ್ಲ. ಅದರ ತುಂಬ ತ್ರಿಕೋನಗಳಿವೆ. ಕೆಲವು ಉಬ್ಬಿವೆ, ಕೆಲವು ತಗ್ಗಿವೆ, ಒಂದರೊಳಗೆ ಇನ್ನೊಂದು ಕೂತಿವೆ. ಎಲ್ಲದರ ಅಂಚುಗಳೂ ಒಂದೇ ದಿಕ್ಕಿಗೆ ಸಮಾನಾಂತರ. ಚಿನ್ನದ ಪರಮಾಣುಗಳು ಘನಾಕಾರದ ಜೋಡಣೆಯಲ್ಲಿ ಕೂರುತ್ತವೆ, ಬಿಡುವಾಗಿ ಬೆಳೆಯಲು ಜಾಗ ಸಿಕ್ಕರೆ ಎಂಟು ಮುಖದ ಹರಳಾಗುತ್ತವೆ. ಆ ಎಂಟು ಮುಖಗಳಲ್ಲಿ ಪ್ರತಿಯೊಂದೂ ತ್ರಿಕೋನ. ಜಾಗ ಇಕ್ಕಟ್ಟಾದಾಗ ಆ ಮುಖಗಳಲ್ಲೊಂದು ಅಡ್ಡಡ್ಡ ಹಬ್ಬಿ ಹಾಳೆಯಾಗುತ್ತದೆ. ತ್ರಿಕೋನದ ಗುರುತು ಮಾತ್ರ ಉಳಿಯುತ್ತದೆ. ಅಂದರೆ ಹಾಳೆ ಬಡಿದು ಆದದ್ದಲ್ಲ, ಬೆಳೆದು ಆದದ್ದು. ಸುತ್ತಿಗೆಯಿಂದ ಬಡಿದು ತೆಳುವಾಗಿಸಿದ ಚಿನ್ನದಲ್ಲಿ ಈ ತ್ರಿಕೋನಗಳು ಇರಲು ಸಾಧ್ಯವಿಲ್ಲ, ಕರಗಿಸಿ ಎರೆದದ್ದರಲ್ಲೂ ಇಲ್ಲ.

ಈ ರೂಪದ ಚಿನ್ನ ಅಪರೂಪವಾಗಲು ಭೂಗರ್ಭ ಎಷ್ಟು ಕಾರಣವೋ ಮನುಷ್ಯರೂ ಅಷ್ಟೇ ಕಾರಣ. ಬೇರೆ ಖನಿಜಗಳ ಒಳ್ಳೆಯ ಹರಳು ಗಣಿಯಲ್ಲಿ ಸಿಕ್ಕರೆ ಅದನ್ನು ಪುಡಿ ಮಾಡಿ ಮಾರಿದರೆ ಪುಡಿಗಾಸು. ಹಾಗಾಗಿ ಯಾರೋ ಎತ್ತಿಡುತ್ತಾರೆ. ಚಿನ್ನದಲ್ಲಿ ಹಾಗಲ್ಲ. ಸಿಕ್ಕ ಕ್ಷಣದಿಂದಲೇ ಅದಕ್ಕೆ ಬೆಲೆ ನಿಗದಿಯಾಗಿರುತ್ತದೆ, ಆ ಬೆಲೆ ಪಡೆಯಲು ಇರುವ ದಾರಿ ಮೂಸೆ. 1869ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮೊಲಿಯಾಗುಲ್ ಬಳಿ ಸುಮಾರು 72 ಕಿಲೋ ತೂಗುವ ‘ವೆಲ್ಕಮ್ ಸ್ಟ್ರೇಂಜರ್’ ಗಟ್ಟಿ ಸಿಕ್ಕಿತು. ಬ್ಯಾಂಕಿನ ತಕ್ಕಡಿಯಲ್ಲಿ ಹಿಡಿಸಲಿಲ್ಲವೆಂದು ಅದನ್ನು ಕಮ್ಮಾರನ ಅಡೆಗಲ್ಲಿನ ಮೇಲಿಟ್ಟು ತುಂಡು ಮಾಡಿದರು. ಒಂದು ಫೋಟೋ ಕೂಡ ಇಲ್ಲ. ಇವತ್ತು ಮ್ಯೂಸಿಯಂಗಳಲ್ಲಿ ಕಾಣುವುದು ಅದರ ಪ್ರತಿಕೃತಿ. ಅದಕ್ಕೇ ಚಿನ್ನದ ಯಾವ ಸಂಗ್ರಹವನ್ನು ನೋಡುವಾಗಲೂ ಕೇಳಬೇಕಾದ ಪ್ರಶ್ನೆ ‘ಎಲ್ಲಿ ಸಿಕ್ಕಿತು’ ಎಂಬುದೊಂದೇ ಅಲ್ಲ. ಕರಗಿಸದೆ ಬಿಡಲು ಯಾರಿಗೆ ತಾಕತ್ತಿತ್ತು ಎಂಬುದೂ ಹೌದು.

ಡೆನ್ವರ್ ಸಂಗ್ರಹದ ಮಟ್ಟಿಗೆ ಎರಡಕ್ಕೂ ಉತ್ತರವಿದೆ. ಜಾಗ ಫಾರ್ನ್‌ಕಂಬ್ ಹಿಲ್. ಮನುಷ್ಯ ಜಾನ್ ಎಫ್. ಕ್ಯಾಂಪಿಯನ್.

ಫಾರ್ನ್‌ಕಂಬ್ ಹಿಲ್ ಇರುವುದು ಕೊಲರಾಡೋದ ಬ್ರೆಕನ್‌ರಿಜ್ ಊರಿನ ಪೂರ್ವಕ್ಕೆ, ಫ್ರೆಂಚ್ ಗಲ್ಚ್ ಕಣಿವೆಯ ಮೇಲೆ. 1859ರಲ್ಲಿ ಬ್ರೆಕನ್‌ರಿಜ್‌ಗೆ ಜನ ನುಗ್ಗಿದ್ದು ಹೊಳೆಮರಳಿನ ಚಿನ್ನಕ್ಕೆ. ಬಾಣಲೆ, ನೀರಿನ ತೂಬು, ಮರದ ತೊಟ್ಟಿ ಇಟ್ಟುಕೊಂಡು ಮರಳು ತೊಳೆದು ತೊಳೆದು ಅದನ್ನು ಮುಗಿಸುತ್ತಾ ಬಂದರು. ಮರಳಿಗೆ ಆ ಚಿನ್ನ ಎಲ್ಲಿಂದ ಬಂತು ಎಂದು ಗುಡ್ಡದ ಮೇಲೆ ಹುಡುಕಿ ಕಂಡುಕೊಂಡವನು ಹ್ಯಾರಿ ಫಾರ್ನ್‌ಕಂಬ್, 1878ರಲ್ಲಿ. ಅವನು ಬಾಯಿಬಿಡಲಿಲ್ಲ. ಸದ್ದಿಲ್ಲದೆ ಗುಡ್ಡದ ಜಮೀನು ಕೊಳ್ಳುತ್ತಾ ಹೋದ. ‘ವೈರ್ ಪ್ಯಾಚ್’ ಎಂದು ಹೆಸರಾದ ಅವನ ಜಾಗದಲ್ಲಿ ಮಣ್ಣಿನಡಿಯೇ ತಂತಿ, ಹಾಳೆ, ಹರಳುಗಳ ರೂಪದಲ್ಲಿ ಚಿನ್ನ ಬಿದ್ದಿತ್ತು. ಹೊಳೆಯಲ್ಲಿ ಉರುಳಿ ಬಂದ ಚಿನ್ನದ ಅಂಚು ಸವೆದು ಗುಂಡಗಾಗಿರುತ್ತದೆ. ಇಲ್ಲಿನದರ ಅಂಚು ಚೂಪಾಗಿಯೇ ಇತ್ತು. ಮೂಲ ಕಾಲಡಿಯಲ್ಲೇ ಇದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ಮೂಲ ಎಂಥದು ಎಂಬುದನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಎಫ್. ಎಲ್. ರಾನ್ಸಮ್ 1911ರ ತನ್ನ ವರದಿಯಲ್ಲಿ ವಿವರಿಸಿದ್ದಾನೆ. ಗುಡ್ಡದ ಬಹುಪಾಲು ಕ್ರಿಟೇಶಿಯಸ್ ಕಾಲದ ಕಡಲಿನ ಕೆಸರು ಗಟ್ಟಿಯಾಗಿ ಆದ ಕಪ್ಪು ಶೇಲ್ ಕಲ್ಲು. ಅದರೊಳಗೆ ಕರಗಿದ ಶಿಲೆ ನುಗ್ಗಿ, ನುಣ್ಣನೆಯ ಮೈಯಲ್ಲಿ ದೊಡ್ಡ ಹರಳು ಹುದುಗಿರುವ ಪೋರ್ಫಿರಿ ಕಲ್ಲಾಗಿ ಹೆಪ್ಪುಗಟ್ಟಿದೆ. ಇವುಗಳ ನಡುವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನಿಂದ ಹಿಡಿದು ಕೆಲವು ಅಂಗುಲ ಅಗಲದವರೆಗೆ ಸಿರೆಗಳು ಹಾದಿವೆ. ಸಿರೆಯಲ್ಲಿ ಮುಖ್ಯವಾಗಿ ಸುಣ್ಣದ ಖನಿಜವಾದ ಕ್ಯಾಲ್ಸೈಟ್, ಜೊತೆಗೆ ಸತು, ಸೀಸ, ಕಬ್ಬಿಣ ಗಂಧಕದೊಂದಿಗೆ ಕೂಡಿದ ಸಲ್ಫೈಡುಗಳು. ಮೇಲ್ಭಾಗದಲ್ಲಿ ಅವೆಲ್ಲ ಕೊಳೆತು ತುಕ್ಕು ಬಣ್ಣದ ಲಿಮೊನೈಟ್ ಮಣ್ಣಾಗಿವೆ, ಚಿನ್ನ ಮಾತ್ರ ಹಾಗೇ ಇದೆ.

ಚಿನ್ನ ಬಿಸಿನೀರಿನಲ್ಲಿ ಗಂಧಕದ ಜೊತೆ ಕೂಡಿಕೊಂಡು ಸಾಗುತ್ತದೆ. ನೀರು ಕುದಿದು ಗಂಧಕದ ಅನಿಲ ಹಾರಿಹೋದರೆ, ಅಥವಾ ಪಕ್ಕದ ಕಲ್ಲಿನಲ್ಲಿರುವ ಕಬ್ಬಿಣ ಗಂಧಕವನ್ನು ಕಸಿದುಕೊಂಡರೆ, ಚಿನ್ನಕ್ಕೆ ಜೊತೆ ತಪ್ಪಿ ಅಲ್ಲೇ ಇಳಿದುಬಿಡುತ್ತದೆ. ಬಿರುಕು ಕಿರಿದಾಗಿದ್ದಲ್ಲಿ ಅದು ಹಾಳೆಯಾಗಿ ಹರಡಿಕೊಂಡಿತು. ಎಲ್ಲ ಕಡೆ ಒಂದೇ ಸಮ ಇಳಿಯುವುದೂ ಇಲ್ಲ. ಹತ್ತಾರು ಮೀಟರ್ ಸಿರೆ ಖಾಲಿ ಹೋಗಿ, ಎರಡು ಬಿರುಕು ಕೂಡುವ ಕಡೆಯೋ ಕಲ್ಲು ಬದಲಾಗುವ ಕಡೆಯೋ ಒಂದು ಬುಟ್ಟಿ ತುಂಬ ಸಿಗಬಹುದು. ಗಣಿಗಾರರು ಇದನ್ನು ಪಾಕೆಟ್ ಎನ್ನುತ್ತಿದ್ದರು.

ಪಾಕೆಟ್ ಗಣಿಗಾರಿಕೆಗೆ ಅದರದೇ ಆರ್ಥಿಕತೆ ಇದೆ. ತಿಂಗಳುಗಟ್ಟಲೆ ಏನೂ ಸಿಗದ ಗಣಿಯನ್ನು ಕಂಪನಿಯವರು ಸಂಬಳ ಕೊಟ್ಟು ನಡೆಸುವುದಿಲ್ಲ. ಭಾಗಗಳನ್ನು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆಗಾರ ತನ್ನ ಖರ್ಚಿನಲ್ಲಿ ಅಗೆದು, ಸಿಕ್ಕದ್ದರಲ್ಲಿ ಒಂದು ಪಾಲನ್ನು ಮಾಲೀಕನಿಗೆ ಒಪ್ಪಿಸಬೇಕು. ಬೇಸಿಗೆ ಪೂರ್ತಿ ಅಂಗಡಿಯಲ್ಲಿ ಸಾಲ ಬರೆಸಿ ಬದುಕಿದವನಿಗೆ ಪಾಕೆಟ್ ಸಿಕ್ಕಾಗ ಅದರ ಅಂದ ನೋಡುತ್ತಾ ಕೂರುವ ಅನುಕೂಲ ಎಲ್ಲಿಂದ ಬರಬೇಕು? ಕಳ್ಳತನವೂ ಇತ್ತು. ಶೇಲ್ ಕಲ್ಲಿನಿಂದ ಕೈಯಲ್ಲೇ ಬಿಡಿಸಬಹುದಾದ ಚಿನ್ನ ಊಟದ ಡಬ್ಬಿಯಲ್ಲಿ ಹೊರಗೆ ಹೋಗುವುದು ಕಷ್ಟವೇನಲ್ಲ. ಆದರೆ ಕದ್ದ ಮಾಲನ್ನು ಗುರುತು ಸಿಗದಂತೆ ಮಾಡಬೇಕು, ಅಂದರೆ ಮತ್ತೆ ಮೂಸೆಯೇ.

ಕ್ಯಾಂಪಿಯನ್ ಇದಕ್ಕೆ ಹೊರಗಾದದ್ದು ಅವನು ಮಾಲೀಕನಾಗಿದ್ದುದರಿಂದ. ಲೆಡ್‌ವಿಲ್‌ನ ಐಬೆಕ್ಸ್ ಕಂಪನಿಯಲ್ಲಿ, ಅದರ ‘ಲಿಟಲ್ ಜಾನಿ’ ಗಣಿಯಲ್ಲಿ ಅವನ ಪಾಲಿತ್ತು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದು ಕೊಲರಾಡೋದ ಬೆಳ್ಳಿ ಗಣಿಗಳು ಸಾಲುಸಾಲಾಗಿ ಮುಚ್ಚಿದ ಹೊತ್ತಿನಲ್ಲೇ ಲಿಟಲ್ ಜಾನಿಯಲ್ಲಿ ಚಿನ್ನ ಸಿಕ್ಕಿತ್ತು. (ಟೈಟಾನಿಕ್ ದುರಂತದಲ್ಲಿ ಬದುಕುಳಿದು ಹೆಸರಾದ ಮಾರ್ಗರೆಟ್ ಬ್ರೌನ್‌ಳ ಗಂಡ ಜೆ. ಜೆ. ಬ್ರೌನ್ ಶ್ರೀಮಂತನಾದದ್ದೂ ಇದೇ ಗಣಿಯಿಂದ.) ಫಾರ್ನ್‌ಕಂಬ್ ಹಿಲ್‌ನ ವಾಪಿಟಿ ಗಣಿಗಳು ಕ್ಯಾಂಪಿಯನ್ ಕೈಗೆ ಬಂದಾಗ ಅವನಿಗೆ ಚಿನ್ನದ ಹಣದ ಅವಸರ ಇರಲಿಲ್ಲ. ಒಳ್ಳೆಯ ಹಾಳೆ, ಒಳ್ಳೆಯ ತಂತಿ ಮೇಲೆ ಬಂದಾಗ ಅದನ್ನು ಬೇರೆ ಎತ್ತಿಡಿಸಿದ. ಸೌಂದರ್ಯಪ್ರಜ್ಞೆ ಗುತ್ತಿಗೆಗಾರರಿಗೆ ಇಲ್ಲದೆ ಅವನಿಗಷ್ಟೇ ಇತ್ತು ಎಂದೇನೂ ಅಲ್ಲ, ಅದನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿತ್ತು, ಅಷ್ಟೇ.

ಮ್ಯೂಸಿಯಂ ಹುಟ್ಟಿದ ಬಗೆಯೂ ಬ್ರೆಕನ್‌ರಿಜ್‌ಗೇ ಹೋಗಿ ಮುಟ್ಟುತ್ತದೆ. ಎಡ್ವಿನ್ ಕಾರ್ಟರ್ ಎಂಬ ನಿಸರ್ಗಪ್ರೇಮಿ ಅಲ್ಲಿನ ತನ್ನ ಮರದ ದಿಮ್ಮಿಯ ಮನೆಯಲ್ಲಿ ರಾಕಿ ಪರ್ವತಗಳ ಪ್ರಾಣಿಪಕ್ಷಿಗಳ ಚರ್ಮ ತುಂಬಿ ಕೂಡಿಸುತ್ತಾ ಬಂದಿದ್ದ. ಅದನ್ನು ಡೆನ್ವರ್‌ಗೆ ತರುವ ಮಾತುಕತೆಯ ನಡುವೆಯೇ, 1900ರಲ್ಲಿ, ಅವನು ತೀರಿಕೊಂಡ. ಅದೇ ವರ್ಷ ಡಿಸೆಂಬರ್ 6ರಂದು ಕೊಲರಾಡೋ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸಂಸ್ಥೆಯಾಗಿ ನೋಂದಣಿಯಾಯಿತು. ಆರಂಭದ ಬಂಡವಾಳ ಮೂರು ಸಂಗ್ರಹಗಳು: ಕಾರ್ಟರ್‌ನ ಪ್ರಾಣಿಪಕ್ಷಿಗಳು, ಚಿಟ್ಟೆ ಪತಂಗಗಳದೊಂದು, ಮತ್ತು ಕ್ಯಾಂಪಿಯನ್‌ನ ಹರಳುಚಿನ್ನ. ಮೊದಲ ಅಧ್ಯಕ್ಷನೂ ಕ್ಯಾಂಪಿಯನ್ನನೇ. ಕಟ್ಟಡ ಎದ್ದು ಜನರಿಗೆ ಬಾಗಿಲು ತೆರೆದದ್ದು 1908ರ ಜುಲೈ 1ರಂದು. ಆಮೇಲೆ ಸಂಸ್ಥೆಯ ಹೆಸರು ಎರಡು ಸಲ ಬದಲಾಗಿದೆ. ಹಳೆಯ ಚೀಟಿಗಳಲ್ಲಿರುವ ಹೆಸರಿನಿಂದಲೇ ಮಾದರಿ ಯಾವ ಕಾಲದಲ್ಲಿ ದಾಖಲಾಯಿತು ಎಂದು ಸ್ಥೂಲವಾಗಿ ಊಹಿಸಬಹುದು. ಹೆಸರು ಬದಲಾವಣೆಯಿಂದ ಇಷ್ಟಾದರೂ ಉಪಯೋಗ.

ಈ ಕಪಾಟಿನಲ್ಲಿ ಅತಿ ಹೆಚ್ಚು ಮಾತಿಗೆ ಬರುವುದು ‘ಟಾಮ್ಸ್ ಬೇಬಿ’, ಟಾಮ್‌ನ ಕೂಸು. 1887ರ ಜುಲೈ 23ರಂದು ಟಾಮ್ ಗ್ರೋವ್ಸ್ ಮತ್ತು ಹ್ಯಾರಿ ಲಿಟನ್ ಎಂಬ ಇಬ್ಬರು ಗುತ್ತಿಗೆಗಾರರಿಗೆ ಫಾರ್ನ್‌ಕಂಬ್ ಹಿಲ್‌ನ ಗೋಲ್ಡ್ ಫ್ಲೇಕ್ ಗಣಿಯಲ್ಲಿ ಸಿಕ್ಕಿತು. ಗ್ರೋವ್ಸ್ ಅದನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಊರೆಲ್ಲ ತೋರಿಸಿದನಂತೆ, ಹೆಸರು ಹಾಗೆ ಬಂತು. ಕೊಲರಾಡೋದಲ್ಲಿ ಸಿಕ್ಕ ಅತಿ ದೊಡ್ಡ ಚಿನ್ನದ ತುಂಡು ಇದು. ಕೆಲವು ದಿನಗಳಲ್ಲಿ ಡೆನ್ವರ್ ಕಡೆ ಹೋಯಿತು, ಆಮೇಲೆ ದಶಕಗಟ್ಟಲೆ ಸುದ್ದಿಯಿಲ್ಲ. ಕರಗಿಸಿಬಿಟ್ಟಿರಬೇಕು ಎಂದು ಬಹಳ ಜನ ಕೈಬಿಟ್ಟಿದ್ದರು. 1972ರಲ್ಲಿ ಡೆನ್ವರ್‌ನ ಬ್ಯಾಂಕಿನ ತಿಜೋರಿಯಲ್ಲಿ ಮ್ಯೂಸಿಯಂ ತಾನೇ ಭದ್ರತೆಗೆಂದು ಇಟ್ಟಿದ್ದ ಪೆಟ್ಟಿಗೆಯಲ್ಲಿ ಪತ್ತೆಯಾಯಿತು. ಚಿನ್ನ ಅದೇ ಊರಿನಲ್ಲಿತ್ತು, ಕಳೆದುಹೋದದ್ದು ದಾಖಲೆ.

ಇಲ್ಲಿ ತೂಕದ ಲೆಕ್ಕಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಿಕ್ಕಾಗ 13 ಪೌಂಡಿಗೂ ಮಿಗಿಲು ಎಂದು ಹೇಳಲಾಗಿತ್ತು. ತಿಜೋರಿಯಿಂದ ಹೊರಬಂದಾಗ ಇದ್ದದ್ದು 102 ಟ್ರಾಯ್ ಔನ್ಸ್, ಅಂದರೆ ಸುಮಾರು 3.17 ಕಿಲೋ. ಎಷ್ಟು ಕಡಿಮೆಯಾಯಿತು ಎಂದು ಹೇಳಲು ಮೊದಲು ಆ ಪೌಂಡ್ ಯಾವುದು ಎಂದು ಕೇಳಬೇಕು. ಚಿನ್ನ ತೂಗುವ ಟ್ರಾಯ್ ಪೌಂಡಿನಲ್ಲಿ 12 ಔನ್ಸ್. ಒಂದು ಟ್ರಾಯ್ ಔನ್ಸ್ 31.1 ಗ್ರಾಂ. ಕಿರಾಣಿ ತೂಗುವ ಪೌಂಡ್ 453.6 ಗ್ರಾಂ, ಅದರಲ್ಲಿ 16 ಔನ್ಸ್, ಆದರೆ ಆ ಔನ್ಸ್ 28.35 ಗ್ರಾಂ ಮಾತ್ರ. ಟ್ರಾಯ್ ಎಂದು ಹಿಡಿದರೆ 13 ಪೌಂಡ್ ಎಂದರೆ 156 ಔನ್ಸ್, 4.85 ಕಿಲೋ, ಕೊರತೆ 1.68 ಕಿಲೋ. ಕಿರಾಣಿ ಪೌಂಡ್ ಎಂದು ಹಿಡಿದರೆ 5.9 ಕಿಲೋ, ಕೊರತೆ 2.7 ಕಿಲೋ ದಾಟುತ್ತದೆ. ಹಳೆಯ ಚಿನ್ನದ ಕತೆಗಳಲ್ಲಿ ತೂಕ ಹೊಂದದಿದ್ದಾಗ ಕಳ್ಳನನ್ನು ಹುಡುಕುವ ಮೊದಲು ಅಳತೆಯನ್ನು ನೋಡುವುದು ಒಳ್ಳೆಯ ಅಭ್ಯಾಸ.

ಅಳತೆ ಸರಿಮಾಡಿದರೂ ಕೊರತೆ ಉಳಿಯುತ್ತದೆ ನಿಜ. ಅದರಲ್ಲಿ ಒಂದಿಷ್ಟು ಚಿನ್ನವೇ ಅಲ್ಲದಿರಬಹುದು: ಮೊದಲ ತೂಕದಲ್ಲಿ ಅಂಟಿದ ಕಲ್ಲು, ತುಕ್ಕುಮಣ್ಣು ಎಲ್ಲ ಸೇರಿರುತ್ತದೆ. ಉಳಿದದ್ದು ಈ ಬಗೆಯ ಚಿನ್ನದ ಸ್ವಭಾವಕ್ಕೆ ಸೇರಿದ್ದು. ಟಾಮ್‌ನ ಕೂಸು ಹೊಳೆಯ ಗಟ್ಟಿಯಂತೆ ಒಂದೇ ಮುದ್ದೆಯಲ್ಲ. ಹರಳು, ಹಾಳೆಗಳು ಒಂದಕ್ಕೊಂದು ಹೆಣೆದುಕೊಂಡ ಗುಂಪು. ನಡುವಿನ ಕಲ್ಲು ಸಡಿಲಾದರೆ ತುಂಡುಗಳು ಕಳಚಿಕೊಳ್ಳುತ್ತವೆ. ಕಳಚಿಕೊಂಡ ತುಂಡಿಗೆ ಹೆಸರಿಲ್ಲ, ಅದು ಬರೀ ಚಿನ್ನ.

ಅಂದು ಅದನ್ನು ಕರಗಿಸಿದ್ದರೆ ಏನು ಸಿಗುತ್ತಿತ್ತು? ಸರ್ಕಾರದ ದರ ಔನ್ಸಿಗೆ 20.67 ಡಾಲರ್. ನೂರಕ್ಕೆ 80 ಭಾಗ ಚಿನ್ನ ಎಂದು ಹಿಡಿದರೂ 156 ಔನ್ಸಿಗೆ ಸುಮಾರು 2,580 ಡಾಲರ್. ಗಣಿ ಕೂಲಿ ದಿನಕ್ಕೆ 3 ಡಾಲರ್ ಆಸುಪಾಸಿದ್ದ ಕಾಲ; 860 ದಿನದ ಕೂಲಿ ಅದು. ಇಂಥ ಮೊತ್ತವನ್ನು ಎದುರಿಗಿಟ್ಟುಕೊಂಡೂ ಕೂಸು ಮೂಸೆಯಿಂದ ಪಾರಾದದ್ದೇ ಸೋಜಿಗ.

ಕಾನೂನು ಕೂಡ ಒಂದು ಹಂತದಲ್ಲಿ ನೆರವಿಗೆ ಬಂತು, ಬೇಕೆಂದೇ ಅಲ್ಲದಿದ್ದರೂ. 1933ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಪ್ರಕಾರ ಅಮೆರಿಕದ ಜನ ತಮ್ಮ ಚಿನ್ನದ ನಾಣ್ಯ, ಗಟ್ಟಿ, ಪ್ರಮಾಣಪತ್ರಗಳನ್ನು ಒಪ್ಪಿಸಬೇಕಾಯಿತು. 1934ರ ಜನವರಿಯಲ್ಲಿ ದರ ಔನ್ಸಿಗೆ 35 ಡಾಲರಿಗೆ ಏರಿತು. ಖಾಸಗಿಯವರು ಗಟ್ಟಿ ಇಟ್ಟುಕೊಳ್ಳುವುದಕ್ಕೆ ಇದ್ದ ನಿರ್ಬಂಧ ತೆರವಾದದ್ದು 1974ರ ಕೊನೆಗೆ. ಈ ನಡುವಿನ ವರ್ಷಗಳಲ್ಲಿ ಪ್ರಕೃತಿದತ್ತ ಸ್ಥಿತಿಯಲ್ಲೇ ಇರುವ ಚಿನ್ನಕ್ಕೆ ಪರವಾನಗಿ ಬೇಕಿರಲಿಲ್ಲ. ಕರಗಿಸಿದ ಕ್ಷಣದಿಂದ ಬೇಕಿತ್ತು. ಬೆಂಕಿ ತಾಗಿದೆಯೋ ಇಲ್ಲವೋ ಎಂಬುದೇ ಕಾನೂನಿನ ಗೆರೆಯಾಗಿತ್ತು. ಸಂಗ್ರಾಹಕರೂ ಇವತ್ತಿಗೂ ಎಳೆಯುವುದು ಅದೇ ಗೆರೆ.

ಇನ್ನು ಇಂಥ ಸಂಗ್ರಹವನ್ನು ಕಾಪಾಡುವ ಕೆಲಸ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ಆರೈಕೆಯೇ ಬೇಡ ಎಂಬ ನಂಬಿಕೆ ಅರ್ಧ ಸರಿ. ಫಾರ್ನ್‌ಕಂಬ್ ಹಿಲ್‌ನ ಹಾಳೆಗಳು ಹಾಳಾಗುವುದು ರಾಸಾಯನಿಕವಾಗಿ ಅಲ್ಲ, ಕೈಯಿಂದ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಚಿನ್ನ 2.5ರಿಂದ 3, ಅಂದರೆ ಬೆರಳಿನ ಉಗುರಿಗಿಂತ ತುಸು ಮಾತ್ರ ಗಟ್ಟಿ. ಹಾಳೆ ಒಮ್ಮೆ ಬಾಗಿದರೆ ಮಡಿಕೆಯ ಜಾಗದಲ್ಲಿ ಲೋಹ ಬಿರುಸಾಗುತ್ತದೆ. ನೆಟ್ಟಗೆ ಮಾಡಲು ಹೋದರೆ ಅಲ್ಲೇ ಬಿರಿಯುತ್ತದೆ, ತ್ರಿಕೋನಗಳ ಮೇಲೆ ಮಡಿಕೆಯ ಗೆರೆ ಉಳಿದೇ ಉಳಿಯುತ್ತದೆ. ಬಾಗಿದ ಹಾಳೆಯನ್ನು ಬಾಗಿದಂತೆಯೇ ಬಿಡುವುದು ಲೇಸು.

ಎತ್ತುವಾಗ ಕಲ್ಲು ಇರುವ ಕಡೆ ಹಿಡಿಯಬೇಕು. ಕಲ್ಲೇ ಇಲ್ಲದಿದ್ದರೆ ಕೆಳಗೆ ಗಟ್ಟಿ ಕಾಗದ ಜಾರಿಸಿ ಅದರ ಸಮೇತ ಎತ್ತಬೇಕು. ಪುಡಿ ಹಾಕದ ನೈಟ್ರೈಲ್ ಕೈಗವಸು ಸರಿ. ಹತ್ತಿಯದು ಬೇಡ, ತಂತಿಗೆ ನೂಲು ಸಿಕ್ಕಿಕೊಂಡರೆ ತಂತಿಯೇ ಕಿತ್ತು ಬರುತ್ತದೆ. ನಿಲ್ಲಿಸಲು ನೀಲಿ ಅಂಟುಮುದ್ದೆಯನ್ನು ಬಳಸುವ ಚಾಳಿ ಎಲ್ಲೆಡೆ ಇದೆ. ವರ್ಷಗಳು ಕಳೆದಂತೆ ಅದರ ಎಣ್ಣೆ ಕಲ್ಲಿಗೆ ಇಳಿದು ಕಲೆ ಉಳಿಸುತ್ತದೆ, ತೆಗೆಯುವಾಗ ಚಿನ್ನವನ್ನೂ ಕಿತ್ತುಕೊಂಡು ಬರುತ್ತದೆ. ಮಾದರಿಯ ಅಡಿಯ ಆಕಾರಕ್ಕೆ ಕೊರೆದ ಅಕ್ರಿಲಿಕ್ ಪೀಠ ಸಾಕು. ಅಂಟಿಸಲೇಬೇಕು ಎಂದಾದರೆ ಪ್ಯಾರಲಾಯ್ಡ್ ಬಿ-72 ಎಂಬ ಅಂಟು: ಅಸಿಟೋನ್ ತಾಗಿಸಿದರೆ ಕರಗಿ ಬಿಟ್ಟುಕೊಡುತ್ತದೆ. ಕಪಾಟಿನೊಳಗೆ ಉಣ್ಣೆ ಬಟ್ಟೆ, ಗಂಧಕ ಬೆರೆಸಿದ ರಬ್ಬರ್ ಇರಕೂಡದು. ಶುದ್ಧ ಚಿನ್ನಕ್ಕೆ ಅವುಗಳಿಂದ ತೊಂದರೆಯಿಲ್ಲ, ಆದರೆ ನಿಸರ್ಗದ ಚಿನ್ನದಲ್ಲಿ ಬೆಳ್ಳಿ ಇದ್ದೇ ಇರುತ್ತದೆ. ಬೆಳ್ಳಿಯ ಪಾಲು ಹೆಚ್ಚಿದಷ್ಟೂ ಕಂದು ಮುಸುಕುವುದು ಬೇಗ.

ಶುಚಿಗೊಳಿಸುವಾಗ ಆಗುವ ಅನಾಹುತಗಳೇ ಹೆಚ್ಚು. ದೂಳಿಗೆ ಬಟ್ಟಿಯಿಳಿಸಿದ ನೀರು, ಇಲ್ಲವೆ ಎಥನಾಲ್, ಜೊತೆಗೆ ಮೆತ್ತನೆಯ ಕುಂಚ. ಇದಕ್ಕಿಂತ ಮುಂದೆ ಹೋಗುವ ಮುನ್ನ ಎರಡು ಸಲ ಯೋಚಿಸಬೇಕು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಳೆಗಳು ನಡುಗಿ ಬುಡದಲ್ಲಿ ಮುರಿಯುತ್ತವೆ, ಹಾಗಾಗಿ ಅದು ಬೇಡವೇ ಬೇಡ. ಕ್ಯಾಲ್ಸೈಟ್ ತೆಗೆದು ಚಿನ್ನವನ್ನು ಬಿಡಿಸಿ ತೋರಿಸುವ ಆಸೆ ಇದ್ದರೆ ನೂರಕ್ಕೆ 5ರಿಂದ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಕೆಲಸ ಮಾಡುತ್ತದೆ. ಚಿನ್ನಕ್ಕೆ ಅದು ತಾಗುವುದಿಲ್ಲ. ಆದರೆ ಜೊತೆಗಿರುವ ಸೀಸ, ಸತುಗಳ ಅದಿರಾದ ಗೆಲೀನಾ, ಸ್ಫಾಲರೈಟ್‌ಗಳ ಮೇಲ್ಮೈ ಕೊರೆದು ಮಂಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಎಷ್ಟೋ ಮಾದರಿಗಳಲ್ಲಿ ಚಿನ್ನದ ತುಂಡುಗಳನ್ನು ಒಟ್ಟಿಗೆ ಹಿಡಿದಿರುವುದೇ ಆ ಕ್ಯಾಲ್ಸೈಟ್. ಅದು ಕರಗಿದ ಮೇಲೆ ತೊಟ್ಟಿಯ ತಳದಲ್ಲಿ ಸಿಗುವುದು ಚೂರುಗಳು. ಒಂದು ಮೂಲೆಯನ್ನಷ್ಟೇ ಅದ್ದಿ, ಕೆಲವು ನಿಮಿಷಕ್ಕೊಮ್ಮೆ ತೆಗೆದು ನೋಡಿ, ಉಳಿದದ್ದನ್ನು ಕಲ್ಲಿನಲ್ಲೇ ಬಿಡುವವರು ಬುದ್ಧಿವಂತರು. ಆಮೇಲೆ ಆಮ್ಲದ ಅಂಶ ಉಳಿಯದಂತೆ ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿಡಬೇಕು.

ತುಕ್ಕುಬಣ್ಣ ತೆಗೆಯಲು ಆಕ್ಸಾಲಿಕ್ ಆಮ್ಲ ಎಂದು ಎಲ್ಲರೂ ಹೇಳುತ್ತಾರೆ. ಬೆಣಚುಕಲ್ಲಿಗೆ ಅದು ಸರಿ. ಕ್ಯಾಲ್ಸೈಟ್ ಮೇಲೆ ಹಾಕಿದರೆ ಕ್ಯಾಲ್ಸಿಯಂ ಆಕ್ಸಲೇಟಿನ ಬಿಳಿ ಪೊರೆ ಕೂರುತ್ತದೆ, ಅದು ನೀರಿಗೆ ಬಿಡುವುದಿಲ್ಲ. ಕಬ್ಬಿಣ ಹೆಚ್ಚಿದ್ದರೆ ಹಳದಿ ಪುಡಿಯೂ ಸೇರುತ್ತದೆ, ಚಿನ್ನದ ಬಣ್ಣಕ್ಕೆ ಹತ್ತಿರವಿರುವುದರಿಂದ ಒಣಗುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಸೋಡಿಯಂ ಡೈಥಯೋನೈಟ್, ಸಿಟ್ರೇಟ್, ಬೈಕಾರ್ಬನೇಟ್ ಬೆರೆಸಿದ ದ್ರಾವಣ ಇದಕ್ಕಿಂತ ಮೃದು. ಆದರೆ ಡೈಥಯೋನೈಟ್ ಒಡೆದಾಗ ಗಂಧಕದ ಸಂಯುಕ್ತಗಳು ಹುಟ್ಟುವುದರಿಂದ ಬೆಳ್ಳಿ ಹೆಚ್ಚಿರುವ ಚಿನ್ನ ಕಪ್ಪಾಗಬಹುದು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಎರಡೂ ಸೇರಿದರೆ ಚಿನ್ನವೇ ಕರಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಂದರಲ್ಲಿ ಅದ್ದಿ ಸರಿಯಾಗಿ ತೊಳೆಯದೆ ಇನ್ನೊಂದಕ್ಕೆ ಹಾಕಿದರೂ ಬಿರುಕುಗಳೊಳಗೆ ಅದೇ ಮಿಶ್ರಣ ಆಗುತ್ತದೆ ಎಂಬುದು ಮರೆತುಹೋಗುತ್ತದೆ. ಬೆಣಚುಕಲ್ಲು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಮನೆಯಲ್ಲಿ ಮುಟ್ಟುವ ವಸ್ತುವೇ ಅಲ್ಲ; ಚರ್ಮದ ಮೂಲಕ ಇಳಿದು ರಕ್ತದ ಕ್ಯಾಲ್ಸಿಯಂ ಕಸಿದು ಕೊಲ್ಲುತ್ತದೆ.

ಕಲ್ಲು ಬಿಡಿಸದೆ ಒಳಗೆಷ್ಟು ಚಿನ್ನ ಇದೆ ಎಂದು ತಿಳಿಯಲು ತಕ್ಕಡಿಯೊಂದು ಸಾಕು. ಗಾಳಿಯಲ್ಲಿ ತೂಗಿ, ತೆಳು ನೈಲಾನ್ ದಾರದಲ್ಲಿ ನೀರಿನೊಳಗೆ ತೂಗಬಿಟ್ಟು ಮತ್ತೆ ತೂಗಬೇಕು. ಗಾಳಿಯಲ್ಲಿ 500 ಗ್ರಾಂ, ನೀರಿನಲ್ಲಿ 440 ಗ್ರಾಂ ಬಂತು ಎನ್ನೋಣ. ವ್ಯತ್ಯಾಸ 60, ಅಂದರೆ ಗಾತ್ರ 60 ಘನ ಸೆಂಟಿಮೀಟರ್. ಶುದ್ಧ ಚಿನ್ನದ ಸಾಂದ್ರತೆ 19.3, ಐದರಲ್ಲೊಂದು ಪಾಲು ಬೆಳ್ಳಿ ಬೆರೆತರೆ ಸುಮಾರು 16.5. ಕ್ಯಾಲ್ಸೈಟ್ 2.71. ಪೂರ್ತಿ ಕ್ಯಾಲ್ಸೈಟೇ ಆಗಿದ್ದರೆ 500 ಗ್ರಾಂ 184.5 ಘನ ಸೆಂಟಿಮೀಟರ್ ಜಾಗ ತಗೊಳ್ಳಬೇಕಿತ್ತು, ತಗೊಂಡದ್ದು 60. ಉಳಿತಾಯ 124.5. ಒಂದು ಗ್ರಾಂ ಕ್ಯಾಲ್ಸೈಟ್ ಜಾಗಕ್ಕೆ ಒಂದು ಗ್ರಾಂ ಚಿನ್ನ ಬಂದರೆ 0.308 ಉಳಿಯುತ್ತದೆ. ಭಾಗಿಸಿದರೆ ಸುಮಾರು 404 ಗ್ರಾಂ ಚಿನ್ನ, 96 ಗ್ರಾಂ ಕಲ್ಲು. ಲೆಕ್ಕ ಸುಲಭ, ತಪ್ಪುವುದು ಗಾಳಿಗುಳ್ಳೆಯಿಂದ. ತಂತಿಗಳ ನಡುವೆ ಒಂದು ಘನ ಸೆಂಟಿಮೀಟರ್ ಗಾಳಿ ಸಿಕ್ಕಿಕೊಂಡರೆ ಚಿನ್ನ 3 ಗ್ರಾಂಗೂ ಮಿಕ್ಕಿ ಕಡಿಮೆಯಾಗಿ ತೋರಿಸುತ್ತದೆ. ನೀರಿಗೆ ಒಂದು ಹನಿ ಸೋಪಿನ ದ್ರಾವಣ ಹಾಕಿ ಮೆಲ್ಲಗೆ ಅಲುಗಿಸಿದರೆ ಗುಳ್ಳೆ ಬಿಡುತ್ತದೆ. ಶೇಲ್ ಅಂಟಿರುವ ಮಾದರಿಗೆ ಈ ವಿಧಾನ ಬೇಡ, ಅದು ನೀರು ಹೀರಿ ಪದರಪದರವಾಗಿ ಕಳಚುತ್ತದೆ.

ಒಳರಚನೆ ನೋಡಬೇಕೆಂದರೆ ತಕ್ಕಡಿ ಸಾಲದು, ಎಕ್ಸ್-ರೇ ಕೂಡ ಸಾಲದು. ಚಿನ್ನ ಎಕ್ಸ್-ರೇಗಳನ್ನು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ಹಾರ್ವರ್ಡ್‌ನ ಖನಿಜ ಮ್ಯೂಸಿಯಂನಲ್ಲಿ ‘ರ್‍ಯಾಮ್ಸ್ ಹಾರ್ನ್’ ಎಂಬ ಟಗರಿನ ಕೊಂಬಿನಾಕಾರದ ತಂತಿಚಿನ್ನವಿದೆ: 12 ಸೆಂಟಿಮೀಟರ್ ಉದ್ದ, 263 ಗ್ರಾಂ. ಇದೂ ಕೊಲರಾಡೋದ್ದೇ, ರೆಡ್ ಕ್ಲಿಫ್‌ನ ಗ್ರೌಂಡ್‌ಹಾಗ್ ಗಣಿಯದು. ಸಿಕ್ಕಿದ್ದೂ ಟಾಮ್‌ನ ಕೂಸು ಸಿಕ್ಕ 1887ರಲ್ಲೇ. ಕತ್ತರಿಸದೆ ಒಳಗೆ ನೋಡುವ ಬಗೆ ತಿಳಿಯದೆ ಇದ್ದ ಅದನ್ನು ಲಾಸ್ ಅಲಾಮೋಸ್‌ನ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಒಯ್ದು ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿದರು. ಬೆಳ್ಳಿತಂತಿಯಂತೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಹರಳುಗಳ ಕೂಟ ಇರಬಹುದೆಂದುಕೊಂಡಿದ್ದರೆ, ಸಿಕ್ಕಿದ್ದು ಬೆರಳೆಣಿಕೆಯ ಏಕಹರಳುಗಳು. ಬೆಳ್ಳಿಯ ಪಾಲು ನೂರಕ್ಕೆ 30ರವರೆಗೂ ಇತ್ತು. ಒಂದು ಚೂರನ್ನು ಕತ್ತರಿಸಿ ಪರೀಕ್ಷಿಸಲು ಯಾರೋ ಹಿಂದೆಯೇ ಒಪ್ಪಿದ್ದರೆ ಈ ಇಡೀ ತಂತಿಯ ಚಿತ್ರ ಸಿಗುತ್ತಿರಲಿಲ್ಲ.

ಹರಳುಚಿನ್ನಕ್ಕೆ ಕರಗಿಸಿದ ಬೆಲೆಯ ಹಲವು ಪಟ್ಟು ಸಿಗುವುದರಿಂದ ನಕಲಿಗೂ ಕೊರತೆಯಿಲ್ಲ. ಬಹುತೇಕ ನಕಲಿಗಳು ಚಿನ್ನದ್ದೇ ಆಗಿರುತ್ತವೆ, ನಕಲಿಯಾಗಿರುವುದು ಆಕಾರ. ಅಚ್ಚಿನಲ್ಲಿ ಎರೆದದ್ದಾದರೆ ಮಸೂರದಲ್ಲಿ ಅಂಚುಗಳು ಮೊಂಡಾಗಿ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಯ ಕುಳಿಗಳು ಕಾಣುತ್ತವೆ. ಯಂತ್ರದಲ್ಲಿ ಎಳೆದ ತಂತಿಯ ದಪ್ಪ ಉದ್ದಕ್ಕೂ ಒಂದೇ. ನಿಸರ್ಗದ ತಂತಿಯ ಮೈಯಲ್ಲಿ ಉದ್ದುದ್ದ ಗೀರುಗಳಿದ್ದು ದಪ್ಪ ಬದಲಾಗುತ್ತಿರುತ್ತದೆ. ನಿಜವಾದ ಹಾಳೆಯನ್ನೇ ಬೇರೆ ಊರಿನ ಕಲ್ಲಿಗೆ ಅಂಟಿಸುವುದೂ ಉಂಟು. ಅಂಟುಗಳಲ್ಲಿ ಹಲವು ನೇರಳಾತೀತ ಬೆಳಕಿನಲ್ಲಿ ಮಿನುಗಿ ಸಿಕ್ಕಿಬೀಳುತ್ತವೆ. ಬೆಸುಗೆ ಹಾಕಿದ್ದರೆ ಲೋಹದಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರ ಸತು, ಕ್ಯಾಡ್ಮಿಯಂ ತೋರಿಸುತ್ತದೆ; ಯಂತ್ರವನ್ನು ಗುರಿಯಿಡಬೇಕಾದದ್ದು ಜೋಡಣೆಯ ಜಾಗಕ್ಕೆ, ಹೊಳೆಯುವ ಜಾಗಕ್ಕಲ್ಲ.

ಇದೆಲ್ಲದರ ಆಚೆಗೆ, ಮಾದರಿಯ ಜೊತೆಗಿರುವ ಚೀಟಿ. ‘ಕೊಲರಾಡೋ’ ಎಂದಷ್ಟೇ ಬರೆದ ಹಾಳೆಗೂ ‘ವೈರ್ ಪ್ಯಾಚ್, ಫಾರ್ನ್‌ಕಂಬ್ ಹಿಲ್, ಬ್ರೆಕನ್‌ರಿಜ್, ಸಮ್ಮಿಟ್ ಕೌಂಟಿ’ ಎಂದು ಬರೆದ ಹಾಳೆಗೂ ತೂಕ ಒಂದೇ ಇರಬಹುದು. ಮೊದಲನೆಯದು ಚಂದದ ವಸ್ತು. ಎರಡನೆಯದರಿಂದ ಕ್ಯಾಲ್ಸೈಟ್ ಸಿರೆಯ ಚಿನ್ನ ಹೇಗೆ ಬೆಳೆಯಿತು ಎಂದು ಕೇಳಬಹುದು. ಆ ಗುಡ್ಡದಿಂದ ಇಂಥ ಚಿನ್ನ ಮತ್ತೆ ಅಷ್ಟು ಪ್ರಮಾಣದಲ್ಲಿ ಬರುವುದಿಲ್ಲವಾದ್ದರಿಂದ ಕಳೆದ ಚೀಟಿಯನ್ನು ಹೊಸ ಮಾದರಿಯಿಂದ ತುಂಬಿಕೊಳ್ಳುವ ದಾರಿಯೂ ಇಲ್ಲ. ಹಳೆಯ ಚೀಟಿ ತಪ್ಪಾಗಿದ್ದರೂ ಎಸೆಯಬಾರದು, ಅದರ ಮೇಲೆ ತಿದ್ದಲೂಬಾರದು. ತಿದ್ದುಪಡಿಯನ್ನು ಬೇರೆ ಚೀಟಿಯಲ್ಲಿ ತಾರೀಖಿನೊಂದಿಗೆ ಬರೆದು ಜೊತೆಗಿಡಬೇಕು. ಮಾದರಿಯ ಕಲ್ಲಿನ ಮೇಲೆ, ಚಿನ್ನದ ಮೇಲಲ್ಲ, ಸಣ್ಣ ಬಿಳಿ ಚುಕ್ಕೆಯಿಟ್ಟು ದಾಖಲೆ ಸಂಖ್ಯೆ ಬರೆದರೆ ಚೀಟಿ ಬೇರೆಯಾದರೂ ಗುರುತು ತಪ್ಪುವುದಿಲ್ಲ. ದಾಖಲೆ ಪುಸ್ತಕದಲ್ಲಿ ತೂಕ ಗ್ರಾಂನಲ್ಲಿ, ಎರಡು ದಶಮಾಂಶದವರೆಗೆ. ಹಳೆಯ ಔನ್ಸ್ ಲೆಕ್ಕ ಇದ್ದರೆ ಅದು ಟ್ರಾಯ್ ಹೌದೋ ಅಲ್ಲವೋ ಎಂಬ ಟಿಪ್ಪಣಿಯೊಂದಿಗೆ. ವರ್ಷಕ್ಕೊಮ್ಮೆ ಮತ್ತೆ ತೂಗಿದಾಗ ಕಡಿಮೆ ಬಂದರೆ ಮೊದಲು ಪೆಟ್ಟಿಗೆಯ ತಳ ನೋಡಿ: ಉದುರಿದ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಹಾಕಿ, ಅದೇ ಸಂಖ್ಯೆ ಬರೆದು, ಮಾದರಿಯ ಪಕ್ಕದಲ್ಲೇ ಇಡುವುದು.